ಸವೆದ ತಂತಿ

ಮಂಗಳವಾರ, ಹದಿನೇಳು.

ಕರೆಂಟು ಹರಿಸಿ ಬೆಳೆಸಿದ ನಮ್ಮ ಆಕ್ಸೈಡ್–ಕಾರ್ಬನ್ ಪದರ ಪ್ಲಾಟಿನಂ ಇಲ್ಲದೆಯೇ ನೀರಿನಿಂದ ಹೈಡ್ರೋಜನ್ ತೆಗೆಯುತ್ತದೆ ಎಂದು ಕುಣಿದಾಡಿದ್ದೆವು. ಕರೆಂಟಿನ ಸುತ್ತು ಪೂರ್ತಿಯಾಗಲೆಂದು ಪದರದ ಎದುರಿಗೆ ನೀರಿನಲ್ಲಿ ಇಳಿಬಿಡುವ ಪ್ಲಾಟಿನಂ ತಂತಿಯನ್ನು ಇವತ್ತು ಪಕ್ಕದ ಲ್ಯಾಬಿನವರು ಒಯ್ದಿದ್ದರು. ಅದರ ಬದಲು ಕಾರ್ಬನ್ ಕಡ್ಡಿ ಹಾಕಿದೆ, ಅಷ್ಟೇ. ಅದರೊಂದಿಗೇ ಹೊಸದಾಗಿ ಬೆಳೆಸಿದ ಪದರದಿಂದ ಹೈಡ್ರೋಜನ್ನಿನ ಒಂದು ಗುಳ್ಳೆಯೂ ಏಳಲಿಲ್ಲ.

ನಮ್ಮ ಗೈಡ್ ಮೇಡಂ ಆ ತಂತಿ ತರಿಸಿ ಬೆಳಕಿಗೆ ಹಿಡಿದರು. "ಇದು ಮೊದಲು ಇಷ್ಟು ತೆಳ್ಳಗಿತ್ತೇನೇ?" ಅಂದರು. ದಿನವೂ ಅದು ಚೂರುಚೂರೇ ಕರಗಿ ನಮ್ಮ ಪದರದ ಮೇಲೆ ಕೂರುತ್ತಿತ್ತು. ಕೆಲಸ ಅದರದು, ಹೆಸರು ನಮ್ಮದು.

ಈಗ ಮನೆಯಲ್ಲಿ, ಗೋಡೆಯಾಚೆ ಅಮ್ಮ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಾಳೆ: "ನಮ್ಮ ಹುಡುಗಿ ಮಾಡಿರೋದಕ್ಕೆ ಪ್ಲಾಟಿನಂ ಬೇಕಾಗೇ ಇಲ್ವಂತೆ ಕಣೇ, ಒಂಚೂರೂ!"

ನಿಜ ಹೇಳಿಬಿಡೋಣವೆಂದು ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಅವಳು ಇನ್ನೂ ನಗುತ್ತಲೇ ಇದ್ದಾಳೆ.