ಅರ್ಧ ಸುತ್ತಿನ ಬಲ

ಮಾಸ್ತಿಕಟ್ಟೆ
೧೮-೪-೧೯೮೪

ಶರಾವತಿಯ ಅಪ್ಪನಿಗೆ ಯಮುನಳ ನಮಸ್ಕಾರ.

ನಾನು, ಮಗಳು ಇಬ್ಬರೂ ಕ್ಷೇಮ. ಹುಬ್ಬಳ್ಳಿಯ ನೀರು ನಿಮಗೆ ಹಿಡಿಸಿತೇ? ಹೊಟ್ಟೆಯುರಿ ಕಮ್ಮಿಯಾಯಿತೇ? ಖಾನಾವಳಿಯ ಊಟದಲ್ಲಿ ಖಾರ ಜಾಸ್ತಿ ಎಂದು ಬರೆದಿದ್ದಿರಿ, ಮಜ್ಜಿಗೆ ಹೆಚ್ಚು ಕುಡಿಯಿರಿ. ನೀವು ಕೇಳಿದ ಮಫ್ಲರನ್ನು ಒಗೆದು ಇಟ್ಟಿದ್ದೇನೆ. ಈ ಬೇಸಿಗೆಯಲ್ಲಿ ಅಪ್ಪನಿಗೆ ಮಫ್ಲರು ಯಾಕೆ ಎಂದು ಶರಾವತಿ ಕೇಳಿದಳು. ಮುಖ ಮುಚ್ಚಿಕೊಳ್ಳಲು ಬೇಕಂತೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕವರಿನ ಮೇಲಿನ ವಿಳಾಸವನ್ನು ಎಂದಿನಂತೆ ಅವಳೇ ಬರೆಯುತ್ತಾಳೆ. ಗಂಡನ ಹೆಸರು ನನ್ನ ಬಾಯಲ್ಲಷ್ಟೇ ಅಲ್ಲ, ಪೆನ್ನಿನಲ್ಲೂ ಬರುವುದಿಲ್ಲವೆಂದು ನೀವು ಎಷ್ಟು ಸಲ ನಕ್ಕಿದ್ದೀರಿ.

ಇದಕ್ಕೆ ಮೊದಲು ಎರಡು ಪತ್ರ ಹಾಕಿದೆ. ಎರಡರಲ್ಲೂ ಕೇಳಿದ್ದು ಒಂದೇ ಮಾತು: ಬರುವ ಸೋಮವಾರ ನನ್ನ ತಮ್ಮ ಮಂಜುನಾಥನ ಕೇಸು ಕೋರ್ಟಿಗೆ ಬರುತ್ತದೆ, ಬಂದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮ್ಮ ಉತ್ತರದಲ್ಲಿ ಖಾರವಿತ್ತು, ಮಫ್ಲರಿತ್ತು, ಪಕ್ಕದ ಕೋಣೆಯವನ ಗೊರಕೆಯೂ ಇತ್ತು. ಮಂಜುನಾಥನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಒಂದು ವೇಳೆ ಮರೆತಿರಬಹುದು, ಪಾಪ. ಅದಕ್ಕೇ ಮೊದಲಿನಿಂದ ಬರೆಯುತ್ತಿದ್ದೇನೆ.

ಹೋದ ನವರಾತ್ರಿಯ ಹೊತ್ತಿಗೆ ಮುಕುಂದಯ್ಯ ಸಾಹುಕಾರರು ನಿಮ್ಮನ್ನು ತಮ್ಮ ಬಸ್ಸಿನ ಶೆಡ್ಡಿಗೆ ಕರೆಸಿಕೊಂಡರಲ್ಲ, ಅಲ್ಲಿಂದ ಶುರು. ವಾರಾಹಿ ಅಣೆಕಟ್ಟಿನ ಕೆಲಸಕ್ಕೆ ಜನ ಬಂದು ಘಾಟಿಯ ಬಸ್ಸುಗಳು ತುಂಬಿ ತುಳುಕುತ್ತಿದ್ದವು. ಇನ್ನೊಂದು ಕಂಪನಿಯ ಬಸ್ಸು ಐದು ನಿಮಿಷ ಮುಂದೆ ಹೊರಟು ದಾರಿಯ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಿತ್ತು. ಹೊಸ ಬಸ್ಸು ತರದೆ, ಇದ್ದ ಇಂಜಿನ್ನಿಗೇ ಬಲ ಬರಿಸಬೇಕೆಂದು ಸಾಹುಕಾರರು ಕೇಳಿದರು. ನೀವು ಊಟಕ್ಕೆ ಕೂತು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಇಂಜಿನ್ ಕಂಪನಿಯವ್ರು ಊರಿಗೆಲ್ಲಾ ಒಂದೇ ಅಳತೆ ಮಾಡಿ ಸೀಲ್ ಹಾಕಿ ಕಳಿಸ್ತಾರೆ. ಅವ್ರು ನಮ್ಮ ಹುಲಿಕಲ್ ಘಾಟಿ ಕಂಡಿದಾರಾ? ಇಂಜಿನ್ ಒಳಗೆ ಬಲ ಮಲಗಿದೆ ಕಣೇ, ಎಬ್ಬಿಸ್ಬೇಕು ಅಷ್ಟೇ."

ಎಬ್ಬಿಸಿದಿರಿ. ಡೀಸೆಲ್ ಪಂಪಿನ ಸೀಸದ ಸೀಲನ್ನು ಒಡೆದು, ಡೀಸೆಲ್ ಹೆಚ್ಚು ಹರಿಯಲೆಂದು ಒಳಗಿನ ಸ್ಕ್ರೂವನ್ನು ಕಾಲು ಸುತ್ತು ಬಿಟ್ಟು, ಬಾನೆಟ್ಟಿನ ಪಕ್ಕ ಕೂತು ವಾರವಿಡೀ ಘಾಟಿ ಹತ್ತಿ ಇಳಿದಿರಿ. ಕಿವಿಗೆ ಸ್ಕ್ರೂಡ್ರೈವರ್ ಹಚ್ಚಿ ಇಂಜಿನ್ನಿನ ಸದ್ದು ಕೇಳುವುದು, ಹಿಂದೆ ತಿರುಗಿ ಹೊಗೆಯ ಬಣ್ಣ ನೋಡುವುದು, ಇನ್ನಷ್ಟು ಬಿಡುವುದು. ಕೊನೆಗೆ ಅರ್ಧ ಸುತ್ತಿಗೆ ನಿಲ್ಲಿಸಿದಿರಿ. ನಲವತ್ತು ನಿಮಿಷದ ಏರು ಇಪ್ಪತ್ತೈದಕ್ಕೆ ಇಳಿಯಿತು. ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಬಸ್ಸು ನಮ್ಮ ಮನೆಯ ಕೆಳಗಿನ ಏರನ್ನು ಮೂರನೇ ಗೇರಿನಲ್ಲಿ ಹತ್ತುವುದನ್ನು ನಾನು ಒಲೆಯ ಮುಂದೆ ಕೂತೇ ಗುರುತಿಸುತ್ತಿದ್ದೆ. ಒಡೆದ ಸೀಲನ್ನು ತಂತಿಯ ಸಮೇತ ನನ್ನ ಕೈಗಿಟ್ಟು, "ಕಂಪನಿಯವ್ರು ಕಟ್ಟಿದ ತಾಳಿ ಬಿಚ್ಕೊಂಡ್ ಬಂದೆ, ಇಟ್ಕೋ" ಅಂದಿರಿ. ನಾನೂ ನಕ್ಕು ಬಳೆ ಡಬ್ಬಿಯಲ್ಲಿ ಇಟ್ಟುಕೊಂಡೆ. ಸಾಹುಕಾರರು ದೀಪಾವಳಿಗೆ ಕೊಟ್ಟ ಸೀರೆಯನ್ನು ಉಟ್ಟು ಅದೇ ಬಸ್ಸಿನಲ್ಲಿ ಕೂತು, ಇದು ನಮ್ಮನೆಯವರ ಕೈಗುಣ ಎಂದು ಪಕ್ಕದವರಿಗೆಲ್ಲ ಸಾರಿದವಳೂ ನಾನೇ. ನನ್ನ ಪಾಲನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಆ ಹದಿನೈದು ನಿಮಿಷ ಉಳಿದದ್ದು ಬರೀ ಸ್ಕ್ರೂವಿನಿಂದ ಅಲ್ಲ. ಏಳನೇ ತಿರುವಿನ ಚೌಡಮ್ಮನ ಹತ್ತಿರ ಎಲ್ಲ ಗಾಡಿಯೂ ನಿಲ್ಲುವುದು ನಮ್ಮಜ್ಜನ ಕಾಲದ ಪದ್ಧತಿ. ಎತ್ತಿನ ಗಾಡಿಯವರು ಅಲ್ಲೇ ನೊಗ ಇಳಿಸುತ್ತಿದ್ದರು. ಬಸ್ಸು ಬಂದ ಮೇಲೂ ಕಂಡಕ್ಟರ್ ಮಾರಪ್ಪ ಒರತೆಯಿಂದ ಒಂದು ಕೊಡ ನೀರು ತಂದು ಅಮ್ಮನ ಕಲ್ಲಿಗೆ ಎರೆಯುತ್ತಿದ್ದ, ಇನ್ನೊಂದು ಕೊಡ ರೇಡಿಯೇಟರಿಗೆ. ಜನ ಇಳಿದು ಕೈಮುಗಿದು ಎಲೆ ಅಡಿಕೆ ಹಾಕುವಷ್ಟರಲ್ಲಿ ಇಂಜಿನ್ ತಣ್ಣಗಾಗುತ್ತಿತ್ತು. ನಿಲ್ಲಿಸಿದರೆ ಗಳಿಸಿದ ಹೊತ್ತೆಲ್ಲ ಹೋಗುತ್ತದೆಂದು ಸಾಹುಕಾರರು ಅದನ್ನು ಬಿಡಿಸಿದರು. ನೀವೂ ತಲೆಯಾಡಿಸಿದಿರಿ. "ಓಡ್ತಾನೇ ಕಾಸು ಎಸೀರಿ, ಚೌಡಮ್ಮ ಬೇಜಾರು ಮಾಡ್ಕಳಲ್ಲ." ಚೌಡಮ್ಮ ಬೇಜಾರು ಮಾಡಿಕೊಳ್ಳದೆ ಇರಬಹುದು. ಇಂಜಿನ್ನು ಮಾಡಿಕೊಳ್ಳುತ್ತದೆಂದು ಮೇಸ್ತ್ರಿಯಾದ ನಿಮಗೆ ಗೊತ್ತಿರಲಿಲ್ಲವೇ? ಹೆಚ್ಚು ಡೀಸೆಲ್ ಕುಡಿದು ಹೆಚ್ಚು ಬಿಸಿಯಾಗುವ ಇಂಜಿನ್ನಿಗೆ ಇದ್ದ ಒಂದು ಕೊಡ ನೀರನ್ನೂ ತಪ್ಪಿಸಿದಿರಿ.

ಆ ಬಸ್ಸು ಓಡಿಸುತ್ತಿದ್ದ ಮಂಜುನಾಥ ಹೇಳದೆ ಇರಲಿಲ್ಲ. ನಮ್ಮ ಮನೆಯ ಜಗಲಿಯಲ್ಲೇ ಹೇಳಿದ್ದ. "ಭಾವ, ಬಿಸಿ ತೋರ್ಸೋ ಮುಳ್ಳು ಕೆಂಪಿಗೆ ಹೋಗ್ತದೆ. ಒಂಚೂರು ತಿರುಗ್ಸಿ ಕಡಿಮೆ ಮಾಡಿ." ನೀವು ಮೀನಿನ ಮುಳ್ಳು ಬಿಡಿಸುತ್ತ, ಆ ಮುಳ್ಳೇ ಸುಳ್ಳು ಹೇಳುತ್ತದೆ, ಮೀಟರು ಕೆಟ್ಟಿದೆ ಅಂದಿರಿ. ನಿನಗೆ ಭಾವನಿಗಿಂತ ಹೆಚ್ಚು ಗೊತ್ತೇನೋ ಎಂದು ನಾನೂ ಅವನ ಬಾಯಿ ಮುಚ್ಚಿಸಿದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಸಂಕ್ರಾಂತಿ ಕಳೆದ ವಾರ ಬಸ್ಸು ತುಂಬ ಜನ. ಚೌಡಮ್ಮನನ್ನು ದಾಟಿ ಎರಡು ತಿರುವು ಹತ್ತುವಷ್ಟರಲ್ಲಿ ಇಂಜಿನ್ ಜಾಮ್ ಆಗಿ ನಿಂತಿತು. ಇಂಜಿನ್ ನಿಂತ ಮೇಲೆ ಬ್ರೇಕಿಗೂ ಬಲವಿಲ್ಲ, ಬಸ್ಸು ಹಿಂದಕ್ಕೆ ಜಾರಿತು. ಮಾರಪ್ಪ ಗಾಲಿಗೆ ಅಡ್ಡ ಇಡುವ ಮರದ ತುಂಡು ಹಿಡಿದು ಹಿಂದಿನ ಬಾಗಿಲಿಂದ ಹಾರಿದ. ಮಂಜುನಾಥ ಕಣಿವೆಯ ಕಡೆ ಬಿಡದೆ ಬಸ್ಸಿನ ಹಿಂಭಾಗವನ್ನು ಗುಡ್ಡಕ್ಕೆ ಒರಗಿಸಿದ. ನಲವತ್ತೆಂಟು ಜನ ಉಳಿದರು. ಗಾಲಿಗೆ ಸಿಕ್ಕ ಮಾರಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಅದೇ ಸಂಜೆ ಬಸ್ಸನ್ನು ಎಳೆದು ಶೆಡ್ಡಿಗೆ ತಂದರು. ಬೆಳಿಗ್ಗೆ ಬ್ರೇಕ್ ಇನ್ಸ್‌ಪೆಕ್ಟರ್ ಬಂದು ನೋಡುವುದಿತ್ತು. ಅಷ್ಟರೊಳಗೆ ನೀವು ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಿರುಗಿಸಿ, ಹೊಸ ಸೀಸ ಒತ್ತಿ, ಮನೆಗೆ ಬಂದು ಸೋಪು ಹಚ್ಚಿ ಹಚ್ಚಿ ಕೈ ತೊಳೆದಿರಿ. ಮಾರಪ್ಪ ಹೇಗಿದ್ದಾನೆ ಎಂದು ಕೇಳಿದರೆ ಇನ್ನೊಂದು ಸಲ ಸೋಪು ಕೈಗೆತ್ತಿಕೊಂಡಿರಿ. ನಾಲ್ಕನೇ ದಿನ ಸಾಹುಕಾರರ ನೆಂಟರ ಪಂಪಿನ ಅಂಗಡಿಯಲ್ಲಿ ಕೆಲಸ ಎಂದು ಹುಬ್ಬಳ್ಳಿಗೆ ಹೊರಟಿರಿ. ಪಂಪು ಸರಿಯಿದೆ, ಸೀಲು ಸರಿಯಿದೆ, ನೀರು ತುಂಬಿಸದೆ ಓಡಿಸಿದ ಡ್ರೈವರನದೇ ಬೇಜವಾಬ್ದಾರಿ ಎಂದು ವರದಿ ಬಂತು. ನಿಲ್ಲಿಸಬೇಡವೆಂದು ತಾವು ಯಾವತ್ತೂ ಹೇಳಿಲ್ಲವೆಂದು ಸಾಹುಕಾರರು ಬರೆಸಿದರು.

ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಇದಕ್ಕಲ್ಲ. ಸೋಮವಾರ ತಪ್ಪೊಪ್ಪಿಕೊಳ್ಳುತ್ತೇನೆ ಅನ್ನುತ್ತಾನೆ ಮಂಜುನಾಥ. "ಅಕ್ಕಾ, ತಪ್ಪು ನಂದೇ. ಅಮ್ಮನ ಹತ್ರ ನಿಲ್ಲಿಸ್ದೆ ಹೋದೆ. ಅವ್ಳು ಮಾರಪ್ಪನ ಕಾಲು ತಗೊಂಡ್ಲು." ಅದು ದೇವಿಯ ಕೋಪವಲ್ಲವೋ, ಇಂಜಿನ್ನಿನ ಬಿಸಿ, ನಿನ್ನ ಭಾವ ಬಿಟ್ಟ ಅರ್ಧ ಸುತ್ತು ಎಂದು ಕೂಗಿ ಹೇಳಿದೆ. ಅವನು ನನ್ನನ್ನೇ ಗದರಿಸಿದ. "ಭಾವ ಕೈ ಇಟ್ಟ ಇಂಜಿನ್ನಿಗೆ ಏನೂ ಆಗಲ್ಲ, ಸುಮ್ನಿರು." ಲೈಸೆನ್ಸು ಹೋದರೆ ಹೋಗಲಿ, ಜೈಲಾದರೆ ಆಗಲಿ ಎಂದು ದಿನಾ ಏಳನೇ ತಿರುವಿನವರೆಗೆ ನಡೆದು ಹೋಗಿ ಕಲ್ಲಿಗೆ ನೀರೆರೆದು ಬರುತ್ತಾನೆ. ನಿಮ್ಮ ಮೇಲೆ ಅವನಿಗಿರುವ ನಂಬಿಕೆಯನ್ನು ನೋಡಿದರೆ ನನಗೆ ನಿಮ್ಮ ಮೇಲೆ ಅಸಹ್ಯವಾಗುತ್ತದೆ. ಬರೆದೇಬಿಟ್ಟೆ, ಹೊಡೆದು ಹಾಕುವುದಿಲ್ಲ.

ಶರಾವತಿ ನಮಸ್ಕಾರ ತಿಳಿಸಿದ್ದಾಳೆ, ಪರೀಕ್ಷೆ ಚೆನ್ನಾಗಿ ಬರೆದಿದ್ದಾಳಂತೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಮುಗಿಸುವುದು ರೂಢಿ. ಈ ಸಲ ಆ ಮಾತನ್ನು ಮಾರಪ್ಪನಿಗೆ, ಮಂಜುನಾಥನಿಗೆ ಕೊಟ್ಟಿದ್ದೇನೆ. ನೀವು ಮಜ್ಜಿಗೆ ಕುಡಿಯಿರಿ.

ಯಮುನ

ತಾ.ಕ.: ಪೋಸ್ಟಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀವು ಸೋಮವಾರ ಬಂದರೂ ಸರಿ, ಬರದಿದ್ದರೂ ಸರಿ. ನಿನ್ನೆ ನಾನೊಬ್ಬಳೇ ತೀರ್ಥಹಳ್ಳಿಗೆ ಹೋಗಿ ವಕೀಲ ಸೀತಾರಾಮಪ್ಪನವರನ್ನು ಕಂಡೆ. ಬಳೆ ಡಬ್ಬಿಯಲ್ಲಿದ್ದ ಸೀಲನ್ನು ಅವರ ಮೇಜಿನ ಮೇಲಿಟ್ಟೆ. ಇದರಲ್ಲಿ ಕಂಪನಿಯ ಗುರುತು ಇದೆಯಂತೆ, ನೀವು ಹೊಸದಾಗಿ ಒತ್ತಿದ ಸೀಸದಲ್ಲಿ ಅದು ಇರಲಾರದಂತೆ. ಇದನ್ನು ಒಡೆದದ್ದು ಯಾರು ಎಂದು ಕೇಳಿದರು. ನಮ್ಮನೆಯವರು ಅಂದೆ. "ಹಾಗೆ ಬರ್ಕೊಳೋಕಾಗಲ್ಲಮ್ಮ, ಕೋರ್ಟಿಗೆ ಹೆಸರು ಬೇಕು" ಅಂದರು. ಸೋಮವಾರ ಜಡ್ಜರ ಮುಂದೆಯೂ ಹೇಳಬೇಕಾಗುತ್ತದಂತೆ. ಮದುವೆಯ ದಿನ ಹೆಸರು ಹೇಳಿಸುವ ಶಾಸ್ತ್ರದಲ್ಲಿ ನಾಚಿಕೊಂಡು ಒಂದು ಸಲ ಹೇಳಿದ್ದು ಬಿಟ್ಟರೆ ಹನ್ನೆರಡು ವರ್ಷದಲ್ಲಿ ನನ್ನ ಬಾಯಲ್ಲಿ ಅದು ಬಂದಿರಲಿಲ್ಲ. ನಿನ್ನೆ ಬಂತು. ಜಯಪ್ಪ. ಅವರಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದೆ. ಈ ಕವರಿನ ಮೇಲಿನ ವಿಳಾಸವನ್ನೂ ನಾನೇ ಬರೆದಿದ್ದೇನೆ, ಅಕ್ಷರ ನೋಡಿ.