ಇಪ್ಪತ್ಮೂರನೆಯ ಹೆಸರು

ಗಾಂಧಿನಗರ, ಬಳ್ಳಾರಿ
೧೨-೧೧-೧೯೭೪

ಅಕ್ಕ ಕೊಟ್ರಮ್ಮನಿಗೆ ನಿನ್ನ ತಮ್ಮ ಗವಿಸಿದ್ದಪ್ಪ ಮಾಡುವ ಶರಣು.

ಇಲ್ಲಿ ಎಲ್ಲರೂ ಜೀವದಿಂದಿದ್ದೇವೆ; ಕ್ಷೇಮವೆಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀ, ಬೈಯಿ. ಇದನ್ನು ಟಪಾಲಿಗೆ ಹಾಕದೆ ನಮ್ಮ ಹಮಾಲ ಜಡೆಪ್ಪನ ಕೈಯಲ್ಲಿ ಕುರುಗೋಡಿಗೆ ಕಳಿಸುತ್ತಿದ್ದೇನೆ. ಟಪಾಲಾದರೆ ಮೊದಲು ಭಾವನವರ ಕೈ ಸೇರುತ್ತದಲ್ಲ, ಅದಕ್ಕೆ.

ನನ್ನ ಹತ್ತಿ ದಲಾಲಿ ಅಂಗಡಿಗೆ ಬೀಗ ಬಿದ್ದದ್ದು ನಿನಗೆ ಗೊತ್ತು. ಈಗ ಕೋರ್ಟಿಗೆ ಐ.ಪಿ. ಅರ್ಜಿ ಹಾಕುತ್ತಿದ್ದೇನೆ. ದಿವಾಳಿಯಾದೆ ಎಂದು ನಾನೇ ಕೈಯೆತ್ತಿ ಹೇಳುವುದು, ಅಷ್ಟೆ. ಅದಕ್ಕೊಂದು ಪಟ್ಟಿ ಬೇಕಂತೆ: ಎಡಕ್ಕೆ ಇರುವುದೆಲ್ಲ, ಬಲಕ್ಕೆ ಕೊಡಬೇಕಾದದ್ದೆಲ್ಲ. ಕಂಟೋನ್ಮೆಂಟಿನ ವಕೀಲರ ಮನೆಯಲ್ಲಿ ಮೂರು ದಿನ ಕೂತು ಬರೆದೆ. ಸಿರುಗುಪ್ಪದಲ್ಲಿ ಅಪ್ಪ ಬಿಟ್ಟ ಮನೆಯ ನನ್ನ ಪಾಲು, ತಕ್ಕಡಿ, ತಿಜೋರಿ, ದಾಕ್ಷಾಯಣಿಗೆ ಕೊಡಿಸಿದ ಹೊಲಿಗೆ ಮಿಷಿನ್ನು. ಮೈಮೇಲಿರುವುದನ್ನೂ ಬರೆಯಿರಿ ಅಂದರು. ಕೊರಳ ಬೆಳ್ಳಿ ಕರಡಿಗೆಗೆ ಕೈ ಹಾಕಿದೆ. ಲಿಂಗ ಇರುವುದನ್ನು ಯಾರೂ ಕೇಳುವುದಿಲ್ಲ ಬಿಡಿ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇರುವುದೆಲ್ಲ ಕೂಡಿ ಮೂವತ್ತೊಂದು ಸಾವಿರ. ಸಾಲ ಐವತ್ತೆಂಟು. ನಲವತ್ತಾರು ವರ್ಷ ಬದುಕಿ ಸೊನ್ನೆಗಿಂತ ಇಪ್ಪತ್ತೇಳು ಸಾವಿರ ಕೆಳಗೆ ನಿಂತಿದ್ದೇನೆ. ದಾಕ್ಷಾಯಣಿ ಪಟ್ಟಿ ಓದಿ, ಎದ್ದು ಹೋಗಿ ಮಿಷಿನ್ನಿಗೆ ಬಟ್ಟೆ ಹೊದಿಸಿದಳು. ಹೆಂಡತಿಯ ಮುಂದೆ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಸಾಲ ಕೊಟ್ಟವರು ಇಪ್ಪತ್ತೆರಡು ಮಂದಿ. ಒಬ್ಬೊಬ್ಬರ ಮನೆಗೂ ಕೋರ್ಟಿನ ನೋಟೀಸು ಹೋಗುತ್ತದಂತೆ. ಮತ್ಯಾರಾದರೂ ಉಳಿದಿದ್ದಾರೆಯೇ ಎಂದು ವಕೀಲರು ಕೇಳಿದರು. ಇಲ್ಲವೆಂದು ಎದ್ದು ಬಂದೆ.

ಹನ್ನೊಂದು ವರ್ಷದ ಹಿಂದೆ ಪಂಚಮಿ ಹಬ್ಬಕ್ಕೆ ನಿನ್ನನ್ನು ತವರಿಗೆ ಕರೆದೊಯ್ಯಲು ಬಂದಿದ್ದೆ. ಬಸ್ಸಿನಲ್ಲಿ ನೀನು ಬುತ್ತಿಯ ಗಂಟು ಬಿಚ್ಚಿ, ರೊಟ್ಟಿಯ ಅಡಿಯಿಂದ ಐದು ತೊಲೆ ಚಿನ್ನದ ಬೋರಮಾಳ ಸರ ತೆಗೆದು ನನ್ನ ಟವೆಲ್ಲಿಗೆ ಸುತ್ತಿದೆ. "ಅಂಗಡಿ ಹಚ್ಚು. ಮನ್ಯಾಗ ನಾ ಹೇಳ್ಕೋತೀನಿ" ಅಂದೆ. ಹಬ್ಬ ಮುಗಿಸಿ ನೀನು ಕುರುಗೋಡಿಗೆ ಹಿಂದಿರುಗಿ, ಪೆಟ್ಟಿಗೆಯಲ್ಲಿಟ್ಟ ಸರ ಕಾಣುತ್ತಿಲ್ಲವೆಂದು ಹೇಳಿದೆ. ನೀನು ಹೇಳಿದ್ದು ಅಷ್ಟೇ. ಉಳಿದದ್ದನ್ನು ಮನೆಯವರೇ ಹೇಳಿಕೊಂಡರು. ಅದನ್ನು ನಾವಿಬ್ಬರೂ ಇದುವರೆಗೆ ಒಮ್ಮೆಯೂ ಮಾತಾಡಿಲ್ಲ.

"ಏನಾರ ಬರಿ, ನನ್ನ ಹೆಸರು ಬರೀಬ್ಯಾಡ ತಮ್ಮಾ. ಈ ವಯಸ್ಸಿನ್ಯಾಗ ನನ್ನ ಮನಿ ಬಿಡಿಸಬ್ಯಾಡ" ಎಂದು, ನಾನು ಕೋರ್ಟಿಗೆ ಸಾಲದ ಪಟ್ಟಿ ಕೊಡುವ ಸುದ್ದಿ ಕೇಳಿ, ಕಾಗದದಲ್ಲಿ ಬರೆದಿದ್ದೀ. ಆ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಬರೆದುಬಿಟ್ಟೆ ಅಕ್ಕಾ. ನಿನ್ನೆ ಮತ್ತೆ ಹೋಗಿ ಇಪ್ಪತ್ಮೂರನೆಯದಾಗಿ ಸೇರಿಸಿದೆ: ಕೊಟ್ರಮ್ಮ, ಗಂಡ ಮರಿಬಸಪ್ಪ, ಕುರುಗೋಡು, ಬೋರಮಾಳ ಸರದ ಬಾಬ್ತು ಎರಡು ಸಾವಿರದ ಒಂಬೈನೂರು. ನಾನು ಇನ್ನಷ್ಟು ಕೆಳಗಿಳಿದೆ. ಕೋರ್ಟಿನ ಖರ್ಚು ಕಳೆದರೆ ನಿನಗೆ ಅದರಲ್ಲಿ ಅರ್ಧವೂ ಮರಳುವುದಿಲ್ಲ. ತಿಂಗಳ ಕೊನೆಗೆ ನೋಟೀಸು ಬರುತ್ತದೆ. ಅದಕ್ಕೆ ಮೊದಲು ಭಾವನವರಿಗೆ ನೀನೇ ಹೇಳು. ಬೇಕೆಂದರೆ ನಾನು ಬಂದು ಪಡಸಾಲೆಯಲ್ಲಿ ನಿಂತು ಹೇಳುತ್ತೇನೆ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಮನೆ ಬಿಡಿಸಿದರೆ ಇಲ್ಲಿಗೆ ಬಾ. ಇರುವುದು ಒಂದೇ ಕೋಣೆ, ಆದರೆ ನಿನ್ನ ಹಾಸಿಗೆಗೆ ಜಾಗವಿದೆ.

ಮಕ್ಕಳು ನೂರು ವರ್ಷ ಬಾಳಲಿ. ನನ್ನನ್ನು ಹರಸು ಎಂದು ನಿನ್ನನ್ನು ಕೇಳುವ ಮುಖ ಈ ಸಲ ಇಲ್ಲ.

ನಿನ್ನ ತಮ್ಮ
ಗವಿಸಿದ್ದಪ್ಪ

ತಾ.ಕ.: ಯಾಕೆ ಬರೆದೆ ಎಂದು ಕೇಳುತ್ತೀ. ಮೊನ್ನೆ ವಕೀಲರಿಗೆ ಇಲ್ಲವೆಂದು ಹೇಳಿ ಬರುವಾಗ ಹತ್ತಿ ಮಿಲ್ಲಿನ ಗೇಟಿನಲ್ಲಿ ಪಕ್ಕೀರಮ್ಮ ಸಿಕ್ಕಳು, ನಿಮ್ಮ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದವಳು. ಸರ ಕದ್ದಳೆಂದು ಭಾವನವರು ಪಂಚರ ಮುಂದೆ ನಿಲ್ಲಿಸಿ ಊರು ಬಿಡಿಸಿದರಲ್ಲ, ಅವಳೇ. ಕೂತು ಹತ್ತಿಯ ಕಸ ಆರಿಸುತ್ತಿದ್ದಳು. ಗುರುತು ಹಿಡಿದು ಎದ್ದು ನಿಂತಳು. ನಿನ್ನನ್ನೂ ಮಕ್ಕಳನ್ನೂ ಹೆಸರು ಹಿಡಿದು ವಿಚಾರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಕ್ಕಾರ ಸರ ಸಿಕ್ತೇನ್ರಿ ಯಪ್ಪಾ?"

ಇನ್ನೂ ಇಲ್ಲ ಅಂದೆ.

"ಹುಡುಕ್ರಿ, ಮನ್ಯಾಗ ಎಲ್ಲ್ಯಾರ ಇರತೈತಿ" ಅಂದಳು.