ನನ್ನ ತಾಯಿಯ ತಂಬಾಕಿನ ಬೀಜ ತಮ್ಮ ಉಗ್ರಾಣದಲ್ಲಿದೆ

ತಂಬಾಕಿನ ಸುಂಕ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಕಳೆದ ಚಳಿಗಾಲದಲ್ಲಿ ತಮ್ಮ ಇನ್ಸ್‌ಪೆಕ್ಟರರೊಬ್ಬರು ತಿಕೋಟಾದ ನಮ್ಮ ಹಿತ್ತಲಿನ ತಂಬಾಕಿನ ಗಿಡಗಳನ್ನು ಬೇರುಸಹಿತ ಕಿತ್ತು, ಗೋಣಿಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ವಿಜಾಪುರಕ್ಕೆ ಒಯ್ದರು. ಅವುಗಳಲ್ಲಿ ಒಂದರ ತುದಿಯಲ್ಲಿ ಬೀಜದ ಕಾಯಿಗಳಿದ್ದವು. ಎಲೆ ತಮಗಿರಲಿ, ಆ ಕಾಯಿಗಳನ್ನು ಮರಳಿ ಕೊಡಿ. ಅರ್ಜಿಗಳಿಗೆ ಉತ್ತರ ಬಾರದ ಕಾರಣ ಪತ್ರಿಕೆಯಲ್ಲಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಊರು ಓದುತ್ತದೆ. ತಾವು ಓದುತ್ತೀರೆಂಬ ಭರವಸೆ ನನಗಿಲ್ಲ.

ನಾನು ದರ್ಜಿ. ನನ್ನ ತಾಯಿ ಮಾಸುಮಬಿ ಬಬಲೇಶ್ವರದಿಂದ ಮದುವೆಯಾಗಿ ಬಂದಾಗ ಸೆರಗಿನ ತುದಿಯಲ್ಲಿ ಒಂದು ಚಿಟಿಕೆ ತಂಬಾಕಿನ ಬೀಜ ಕಟ್ಟಿಕೊಂಡು ಬಂದವಳು. ಅವಳ ತವರಿನಲ್ಲಿ ಈ ಬೀಜವನ್ನು ಮಗಳಿಗೆ ಮಾತ್ರ, ಅದೂ ಮದುವೆಯ ದಿನ ಮಾತ್ರ ಕೊಡುತ್ತಿದ್ದರು. ಅವಳಿಗೆ ಹೆಣ್ಣುಮಕ್ಕಳಿಲ್ಲ, ಅಕ್ಕತಂಗಿಯರೂ ಇಲ್ಲ, ತವರಿನಲ್ಲಿ ಈಗ ಅದನ್ನು ಬೆಳೆಯುವವರೂ ಇಲ್ಲ. ಹೀಗಾಗಿ ನಮ್ಮ ಹಿತ್ತಲು ಬಿಟ್ಟರೆ ಆ ತಳಿ ಬೇರೆಲ್ಲೂ ಉಳಿದಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಒಂದೇ ಸಾಲು ಗಿಡ. ಅವಳಿಗೆ, ಪಕ್ಕದ ಮನೆಯ ಗುರುಸಿದ್ದವ್ವನಿಗೆ, ಮನೆಗೆ ಬಂದವರಿಗೆ ಆಗುವಷ್ಟು. ಎಲೆ ದಪ್ಪವಾಗಲೆಂದು ಎಲ್ಲ ಗಿಡಗಳ ಕುಡಿ ಚಿವುಟಿ, ಒಂದನ್ನು ಮಾತ್ರ ಹೂವಿಗೆ ಬಿಡುತ್ತಾಳೆ. ಆ ಹೂಗೊಂಚಲಿಗೆ ನಾನು ಪ್ರತಿವರ್ಷ ಮಲಮಲ್ಲಿನ ಚೀಲ ಹೊಲಿದು ಕೊಡುತ್ತೇನೆ, ಕೂಸಿಗೆ ಕುಲಾಯಿ ಹೊಲಿದಂತೆ. ಬಂದ ಬೀಜವನ್ನೆಲ್ಲ ಮುಂದಿನ ಮಳೆಗೆ ಬಿತ್ತಿಬಿಡುತ್ತಾಳೆ. ಹಳೆಯದನ್ನು ಕಟ್ಟಿಡುವುದು ಅವಳ ಪದ್ಧತಿಯಲ್ಲ.

ತಮ್ಮ ಇನ್ಸ್‌ಪೆಕ್ಟರರು ನಮ್ಮ ಮನೆಗೆ ದಾಳಿಗೆಂದು ಬಂದವರಲ್ಲ. ಬಸ್ಸು ತಪ್ಪಿತ್ತು, ಬಾಯಾರಿಕೆಯಾಗಿತ್ತು, ನೀರು ಕೇಳಿದರು. ನೀರು ಕೊಟ್ಟ ನನ್ನ ತಾಯಿ ಎಲೆ ಅಡಿಕೆಯ ಚಂಚಿ ಬಿಚ್ಚಿದಳು. "ಬರೇ ಬಾಯೀಲೆ ಹೋಗಬ್ಯಾಡ್ರಿ ಸಾಹೇಬ್ರ. ಎಲಿ ಹಾಕ್ಕೋರಿ. ತಂಬಾಕ ನಮ್ಮ ಹಿತ್ತಲದ್ದ ಐತಿ."

ಸಾಹೇಬರು ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. "ಭಾರಿ ಐತಲ್ಲಬೇ ಮುದುಕಿ! ಎಲ್ಲಿ ಬೆಳದಿ?" ಎಂದರು. ಆಕೆ ಹಿಗ್ಗಿ ಹೀರೇಕಾಯಿಯಾಗಿ "ಬರ್ರಿ ತೋರಸ್ತೀನಿ" ಎಂದು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಆ ಚೀಲ ಅವರ ಕಣ್ಣಿಗೆ ಬಿತ್ತು.

"ಇದಕ್ಯಾಕ ಮುಸುಕು ಹಾಕೀರಿ? ಏನ್ ಮುಚ್ಚಿಟ್ಟೀರಿ?"

"ಜೇನಹುಳಾ ಕುಂದರಬಾರದಂತ ಯಪ್ಪಾ. ಹೊಲದಾನ ತಂಬಾಕಿನ ಮ್ಯಾಲ ಕುಂತು ಬಂದಿರ್ತಾವು, ಜಾತಿ ಕೆಡತೈತಿ."

ವರದಿಯಲ್ಲಿ ಏನು ಬರೆದರು ಗೊತ್ತೇ? "ಗಿಡವನ್ನು ಬಟ್ಟೆಯಿಂದ ಮರೆಮಾಚಲಾಗಿತ್ತು." ಭಲೇ! ಮರೆಮಾಚುವವಳು ಕೈಹಿಡಿದು ತೋರಿಸುತ್ತಾಳೆಯೇ? ಉಂಡ ಮನೆಯ ಜಂತೆ ಎಣಿಸುವವರನ್ನು ಕೇಳಿದ್ದೆ, ಬಾಯೊಳಗಿನದನ್ನು ಉಗುಳುವ ಮೊದಲೇ ಪಂಚನಾಮೆ ಬರೆಯುವವರನ್ನು ಈಗ ಕಂಡೆ. ತಂಬಾಕು ಬೆಳೆಯಲು ಪರವಾನಗಿ ಬೇಕಂತೆ; ಮನೆಬಳಕೆಗೆ ಬೆಳೆದವರಿಗೆ ವಿನಾಯಿತಿ ಇದೆಯೋ ಇಲ್ಲವೋ, ನನಗೆ ತಿಳಿಯದು. ಸೊಲ್ಲಾಪುರ ರಸ್ತೆಯಲ್ಲಿ ಹಾಡಹಗಲೇ ತಾಡಪತ್ರಿ ಹೊದ್ದು ಹೋಗುವ ಲಾರಿಗಳ ಮುಸುಕನ್ನು ತಮ್ಮವರು ಎಂದಾದರೂ ಎತ್ತಿ ನೋಡಿದ್ದುಂಟೇ? ಒಬ್ಬ ಮುದುಕಿಯ ಹೂವಿನ ಮುಸುಕೇ ಸರಕಾರಕ್ಕೆ ಅಷ್ಟು ಭಾರವಾಯಿತೇ?

ತಮ್ಮ ಕಚೇರಿಗೆ ನಾನು ಹೋಗಿ ಬಂದೆ. ಗುಮಾಸ್ತರು ಒಳ್ಳೆಯವರು, ಕೂರಲು ಹೇಳಿದರು. "ಅದು ಮುದ್ದೇಮಾಲು ಐತ್ರಿ, ಜಪ್ತಿ ಮಾಡಿದ್ದು. ಕೇಸ್ ಮುಗದ ಮ್ಯಾಲ ಸುಟ್ಟಬಿಡ್ತೀವಿ" ಎಂದರು. ಕೇಸು ಯಾವಾಗ ಮುಗಿಯುವುದೆಂದೆ. "ಸಾಹೇಬ್ರ ವರ್ಗ ಆಗ್ಯಾರ. ಹೊಸಬ್ರು ಬರಲಿ, ನೋಡೂಣಂತ." ಸುಡುವುದಕ್ಕಾಗಿಯೇ ಜೋಪಾನ ಮಾಡುವ ಈ ವ್ಯವಸ್ಥೆ ನನ್ನಂಥ ದರ್ಜಿಯ ಬುದ್ಧಿಗೆ ನಿಲುಕುವುದಿಲ್ಲ.

ನಿಜ ಹೇಳುತ್ತೇನೆ, ನನಗೆ ಆಸೆ ಉಳಿದಿಲ್ಲ. ಕಿತ್ತಾಗ ಕಾಯಿ ಇನ್ನೂ ಹಸಿರಿದ್ದವು. ಗೋಣಿಯೊಳಗೆ ಬೂಸಲು ಹಿಡಿದಿರಬೇಕು, ಇಲ್ಲವೇ ಇಲಿ ತಿಂದಿರಬೇಕು. ಆದರೆ ನನ್ನ ತಾಯಿಗೆ ಇದು ತಿಳಿಯದು. ಮೃಗಶಿರಾ ಮಳೆ ಬಿದ್ದಂದಿನಿಂದ ಹಿತ್ತಲಿನಲ್ಲಿ ಮಡಿ ಮಾಡಿ, ಬೂದಿ ಬೆರೆಸಿ ಕಾಯುತ್ತಿದ್ದಾಳೆ. ಅಂಗಡಿಯಿಂದ ಮನೆಗೆ ಬಂದರೆ ಮೊದಲ ಮಾತೇ, "ಸೈಫೂ, ಬೀಜಾ ಕೊಟ್ರೇನ?" "ಬರೂ ವಾರ ಕೊಡ್ತಾರಂತಬೇ" ಎನ್ನುತ್ತೇನೆ. ಗುರುಸಿದ್ದವ್ವ ನನ್ನ ಮುಖ ನೋಡಿ ಒಳಗೆ ಹೋಗುತ್ತಾಳೆ. ಆಕೆಗೆ ಗೊತ್ತಾಗಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಕಾಯಿಗಳಲ್ಲಿ ಜೀವವಿದ್ದರೆ ಈ ಮಳೆ ಮುಗಿಯುವುದರೊಳಗೆ ಕೊಡಿ. ಕೆಟ್ಟಿದ್ದರೆ, ಇಲ್ಲವೇ ಸುಟ್ಟಿದ್ದರೆ ಸಹಿ ಮುದ್ರೆಯ ಪತ್ರ ಕಳಿಸಬೇಡಿ, ನನ್ನ ತಾಯಿಗೆ ಓದು ಬಾರದು. ತಾವೇ ತಿಕೋಟಾಕ್ಕೆ ಬಂದು ಅವಳೆದುರು ಕುಳಿತು ಬಾಯಿಬಿಟ್ಟು ಹೇಳಿ. ದಿನವೂ ಸುಳ್ಳು ಹೇಳಿ ನನಗೆ ಸಾಕಾಗಿದೆ. ನಿಜ ಹೇಳುವ ಧೈರ್ಯ ನನಗಂತೂ ಇಲ್ಲ, ಸರಕಾರಕ್ಕಾದರೂ ಇರಬೇಕಲ್ಲವೇ?

ಇಂತಿ,
"ತಮ್ಮ ವಿಧೇಯ" ಎಂದು ಬರೆಯಲು ಕೈ ಏಳದ
ಸೈಫುದ್ದೀನ, ದರ್ಜಿ
ತಿಕೋಟಾ, ೧೯೭೪